ಬಿಸಿಯೂಟದ ಲೆಕ್ಕ, ಬಡತನದ ಲೆಕ್ಕ

ಪ್ರಶ್ನೆ: ಅಮೆರಿಕದಲ್ಲಿ ಮಾಡುವಂತೆ ಶಾಲೆಯ ಊಟದ ಲೆಕ್ಕ ಹಿಡಿದು ನಮ್ಮ ಕರಾವಳಿಯ ಊರು ಕಾಸರಕೋಡದ ಬಡತನ ಅಳೆಯಬಹುದೇ?

ಉತ್ತರ: ಆಗದು. ಅಲ್ಲಿ ಮನೆಯ ಆದಾಯ ಬಡತನ ರೇಖೆಯ ಶೇ. 130ರೊಳಗಿದ್ದರೆ ಊಟ ಪುಕ್ಕಟೆ, ಶೇ. 185ರವರೆಗೆ ರಿಯಾಯಿತಿ. ಹಾಗಾಗಿ ಅರ್ಹ ಮಕ್ಕಳನ್ನು ಎಣಿಸಿದರೆ ಒಂದು ಅಂದಾಜು ಸಿಗುತ್ತದೆ. 2001ರ ಸುಪ್ರೀಂ ಕೋರ್ಟ್ ಆದೇಶದ ಬಳಿಕ ಬಂದ ನಮ್ಮ ಬಿಸಿಯೂಟ ಯೋಜನೆ ಅಕ್ಷರ ದಾಸೋಹ ಯಾರ ಆದಾಯವನ್ನೂ ಕೇಳುವುದಿಲ್ಲ. ಸರ್ಕಾರಿ, ಅನುದಾನಿತ ಶಾಲೆಗಳಲ್ಲಿ ಎಲ್ಲ ಮಕ್ಕಳಿಗೂ ಒಂದೇ ಸಾಲು, ಒಂದೇ ಅನ್ನ ಸಾಂಬಾರು. ಇದೇ ಸರಿ ಎಂದು ನಾನು ನಂಬುತ್ತೇನೆ. ಬಡವರ ಮಗು ಎಂಬ ಹಣೆಪಟ್ಟಿ ತಟ್ಟೆಗೆ ಅಂಟಬಾರದು.

ಅಳತೆಗೆ ಬಿಪಿಎಲ್ ಕಾರ್ಡ್ ಇದೆಯಲ್ಲ ಎನ್ನಬಹುದು. ಆದರೆ ಮೀನುಗಾರರ ಆದಾಯ ವರ್ಷವಿಡೀ ಒಂದೇ ಸಮ ಇರುವುದಿಲ್ಲ: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ. ಇಲ್ಲಿನ ಟೊಂಕದಲ್ಲಿ ಬೋಟುಗಳು ಪ್ಲಾಸ್ಟಿಕ್ ಹಾಳೆ ಹೊದ್ದು ದಡ ಸೇರಿದ ಹೊತ್ತಿಗೇ ಶಾಲೆಯೂ ಶುರು. ಬೋಟಿನ ದುಡಿಮೆ ನಂಬಿದ ಮನೆಗೆ ಆಗ ಮಧ್ಯಾಹ್ನದ ಆ ಒಂದು ತಟ್ಟೆ ಬಹಳ ದೊಡ್ಡದು. ಕಾರ್ಡಿನಲ್ಲಿ ಮಾತ್ರ ಜೂನ್‌ಗೂ ಜನವರಿಗೂ ವ್ಯತ್ಯಾಸ ಕಾಣುವುದಿಲ್ಲ.