ವಾಪಸ್ ಟಿಕೆಟ್ ಆಯ್ತಾ?

ಭಾನುವಾರ ಒಬ್ಬನೇ ಚೆನ್ನೈ ನೋಡ್ಕೊಂಡು ಬರ್ತೀನಿ ಅಂದಾಗ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ವಾಪಸ್ ಟಿಕೆಟ್ ಆಯ್ತೇನೋ?" ಆಗಿರಲಿಲ್ಲ.

ಮೈಸೂರಿನಿಂದ ಕಾವೇರಿ ಎಕ್ಸ್‌ಪ್ರೆಸ್ ರಾತ್ರಿ ಹೊರಟು ಬೆಳಿಗ್ಗೆ ಚೆನ್ನೈ ಸೆಂಟ್ರಲ್ ತಲುಪುತ್ತದೆ. ಬರುವುದೂ ರಾತ್ರಿಯೇ. ಶನಿವಾರ ಹತ್ತಿ ಸೋಮವಾರ ಬೆಳಿಗ್ಗೆ ಇಳಿದರೆ ರೂಮ್ ಬಾಡಿಗೆ ಉಳೀತು. ಆದರೆ ಭಾನುವಾರ ರಾತ್ರಿಯ ರೈಲು ನಮ್ಮಂಥವರಿಗೆಲ್ಲ ಬೇಕು. ನನ್ನದು ವೇಟಿಂಗ್ ಲಿಸ್ಟ್ 14. ಸೋಮವಾರ ಇಂಟರ್ನಲ್ಸ್ ಬೇರೆ.

ವೇಟಿಂಗ್ ಲಿಸ್ಟ್ ಅಂದ್ರೆ ಬರೀ ಕ್ಯೂ. ಮುಂದಿನವರು ರದ್ದು ಮಾಡಿದಷ್ಟೂ ನಾವು ಮುಂದೆ ಸರಿಯುತ್ತೇವೆ. ಮೊದಲು ಸಿಗೋದು ಆರ್‌ಎಸಿ: ಸೈಡ್ ಲೋಯರ್ ಬರ್ತ್‌ನಲ್ಲಿ ಇಬ್ಬರಿಗೆ ಕೂರಲು ಜಾಗ. ಮಲಗೋಕೆ ಗ್ಯಾರಂಟಿ ಇಲ್ಲ, ಆದರೆ ಧೈರ್ಯವಾಗಿ ರೈಲು ಹತ್ತಬಹುದು. ಆನ್‌ಲೈನ್ ಟಿಕೆಟ್ ಚಾರ್ಟ್ ಆದ ಮೇಲೂ ವೇಟಿಂಗ್‌ನಲ್ಲೇ ಇದ್ದರೆ ತಾನಾಗೇ ರದ್ದಾಗಿ ದುಡ್ಡು ವಾಪಸ್ ಬರುತ್ತೆ. ಅದನ್ನ ತೋರಿಸಿ ಸ್ಲೀಪರ್ ಹತ್ತೋ ಹಾಗಿಲ್ಲ. ತತ್ಕಾಲ್ ಹಿಂದಿನ ದಿನ ತೆರೆಯುತ್ತೆ, ಎಸಿಗೆ ಬೆಳಿಗ್ಗೆ 10ಕ್ಕೆ, ಸ್ಲೀಪರ್‌ಗೆ 11ಕ್ಕೆ. 2025ರಿಂದ ಅದಕ್ಕೆ ಖಾತೆಯಲ್ಲಿ ಆಧಾರ್ ದೃಢೀಕರಣ ಆಗಿರಬೇಕು. ಇದನ್ನ ಹಿಂದಿನ ವಾರವೇ ಮಾಡಿಟ್ಕೊಳ್ಳಿ. ಬುಕಿಂಗ್ 60 ದಿನ ಮುಂಚೆ ತೆರೆಯುತ್ತದೆ, ಹಾಗಾಗಿ ಬರುವ ಟಿಕೆಟ್ ಸಿಕ್ಕಿದ ಮೇಲೆ ಹೋಗುವ ಟಿಕೆಟ್ ಮಾಡಿ. ನಾನು ಉಲ್ಟಾ ಮಾಡಿದ್ದೆ.

ಬ್ಯಾಗ್ ಸೆಂಟ್ರಲ್‌ನ ಕ್ಲೋಕ್ ರೂಮಿನಲ್ಲಿಟ್ಟೆ (ಬೀಗ ಹಾಕಿರಬೇಕು, ಮರೀಬೇಡಿ). ಎದುರಿನ ಪಾರ್ಕ್ ಟೌನ್ ಸ್ಟೇಷನ್ನಿನಿಂದ ವೇಳಚ್ಚೇರಿ ಕಡೆಯ ಲೋಕಲ್ ಹಿಡಿದರೆ ತಿರುಮಯಿಲೈ. ಕಪಾಲೀಶ್ವರ ದೇವಸ್ಥಾನ ಮಧ್ಯಾಹ್ನ ಮುಚ್ಚುವುದರಿಂದ ಬೆಳಿಗ್ಗೆಯೇ ಮುಗಿಸಿ. ನಡುಹಗಲಿನ ಬಿಸಿಲಿಗೆ ಎಗ್ಮೋರ್ ಮ್ಯೂಸಿಯಂ ಸರಿ. ಅಲ್ಲಿನ ತಿರುವಾಲಂಗಾಡಿನ ನಟರಾಜನ ಮುಂದೆ ಒಬ್ಬನೇ ಎಷ್ಟು ಹೊತ್ತು ನಿಂತರೂ "ಬಾರೋ ಲೇಟಾಯ್ತು" ಅನ್ನೋರಿಲ್ಲ. ಒಬ್ಬರೇ ಹೋಗೋದರ ಸುಖ ಇಷ್ಟೇ, ಇದೇನು ಸಣ್ಣದಲ್ಲ.

ಅಲ್ಲಿದ್ದಾಗಲೇ ಮೆಸೇಜ್ ಬಂತು: ಆರ್‌ಎಸಿ. ಅಮ್ಮನಿಗೆ ಫೋನ್ ಮಾಡಿ, ಸಂಜೆ ನಿಶ್ಚಿಂತೆಯಿಂದ ಮರೀನಾದಲ್ಲಿ ಸುಂಡಲ್ ತಿಂದೆ. ನೀರಿಗಿಳೀಬೇಡಿ, ಅಲ್ಲಿ ಸೆಳೆತ ಜಾಸ್ತಿ.

ರಾತ್ರಿ ಬರ್ತ್ ಹಂಚಿಕೊಂಡ ತಾತ ಬೆಂಗಳೂರಲ್ಲಿ ಇಳಿಯುವಾಗ ಭುಜ ತಟ್ಟಿ, "ಇನ್ನು ಕಾಲು ಚಾಚಪ್ಪ" ಅಂದರು. ಮದ್ದೂರು ದಾಟಿದ್ದೇ ಗೊತ್ತಾಗಲಿಲ್ಲ.