ಕಡಲಡಿಯ ಆಕರಗಳು: ಶ್ವಾಸಯಂತ್ರ, ಮುಳುಗಿದ ಹಡಗು ಮತ್ತು ಚರಿತ್ರಕಾರ

ಕನ್ನಡನಾಡಿನ ಚರಿತ್ರೆಯನ್ನು ಬರೆಯುವವರಿಗೆ ಶಾಸನಗಳೇ ಮುಖ್ಯ ಆಧಾರವೆಂಬುದು ಎಲ್ಲರೂ ಬಲ್ಲ ವಿಷಯ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸ್ ಅವರು 1905ರಲ್ಲಿಯೇ ‘ಎಪಿಗ್ರಾಫಿಯ ಕರ್ನಾಟಿಕ’ದ 9ನೆಯ ಸಂಪುಟದಲ್ಲಿ ಪ್ರಕಟಿಸಿದರು. ಕೆರೆಯ ಏರಿ, ದೇವಾಲಯದ ಗೋಡೆ, ಹೊಲದ ಅಂಚು, ಇವೇ ನಮ್ಮ ವಿದ್ಯಾರ್ಥಿಗಳು ಆಕರಗಳನ್ನು ಹುಡುಕಿಕೊಂಡು ಹೋಗತಕ್ಕ ಸ್ಥಳಗಳು. ಸಮುದ್ರವಾದರೋ ಇಲ್ಲಿಂದ ರಸ್ತೆಯ ದಾರಿಯಲ್ಲಿ 300 ಕಿಲೋಮೀಟರಿಗೂ ಮಿಗಿಲಾದ ದೂರದಲ್ಲಿದೆ. ಆದುದರಿಂದ ಕಡಲ ತಳದಲ್ಲಿ ಬಿದ್ದಿರುವ ವಸ್ತುಗಳಿಗೂ ಬಯಲುಸೀಮೆಯ ಚರಿತ್ರೆಗೂ ಯಾವ ಸಂಬಂಧವೂ ಇಲ್ಲವೆಂಬ ಭಾವನೆ ನಮ್ಮಲ್ಲಿ ಬೇರೂರಿರುವುದು ಸಹಜವೇ. ಅದು ಸರಿಯಾದ ಭಾವನೆಯಲ್ಲವೆಂದು ತೋರಿಸುವುದೂ, ನೀರಿನಡಿಯ ಶೋಧನೆ ಹೇಗೆ ನಡೆಯುತ್ತದೆಂಬುದನ್ನು ವಿವರಿಸುವುದೂ ಪ್ರಕೃತ ಲೇಖನದ ಉದ್ದೇಶ.

ಮೊದಲು ಒಂದು ಉದಾಹರಣೆ. ಗೋವೆಯ ಕರಾವಳಿಯಾಚೆ ಸೇಂಟ್ ಜಾರ್ಜ್ ಬಂಡೆಸಾಲು ಎಂಬ ನೀರೊಳಗಣ ಬಂಡೆಗಳ ಸಮೂಹವಿದೆ. ಗೋವೆಯಲ್ಲಿರುವ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯ ಪುರಾತತ್ತ್ವಜ್ಞರು ಅಲ್ಲಿ ಮುಳುಗಿ ನೋಡಿದಾಗ ಛಾವಣಿಯ ಹೆಂಚುಗಳು, ಕೋಡುಹೆಂಚುಗಳು, ನೆಲಕ್ಕೆ ಹಾಸುವ ಬಿಲ್ಲೆಗಳು, ಹೊಗೆಗೂಡಿನ ಇಟ್ಟಿಗೆಗಳು, ಕೊರಿಂಥಿಯನ್ ಮಾದರಿಯ ಕಂಬದ ಬೋದಿಗೆಗಳು, ಎಲ್ಲವೂ ಸುಟ್ಟ ಮಣ್ಣಿನವು, ದೊರೆತವು. ಅವುಗಳ ಮೇಲೆ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆಯ ಹೆಸರೂ 1865 ಎಂಬ ವರ್ಷವೂ ಅಚ್ಚಾಗಿದ್ದುವು. ನಮ್ಮ ತಾಲ್ಲೂಕುಗಳ ಹಳೆಯ ಮನೆ, ಶಾಲೆ, ಛತ್ರಗಳ ಮೇಲೆ ಹೊದಿಸಿರುವ ‘ಮಂಗಳೂರು ಹೆಂಚು’ ಇದೇ ಕುಲದ್ದು. ಘಟ್ಟದ ಮೇಲಕ್ಕೆ ಬಂದ ಸರಕು ಮಳೆಬಿಸಿಲಿಗೆ ಮೈಯೊಡ್ಡಿ ನಿಂತಿತು. ಕಡಲದಾರಿ ಹಿಡಿದ ಸರಕಿನಲ್ಲಿ ಒಂದು ಪಾಲು ಬಂಡೆಗೆ ತಾಗಿ ತಳ ಸೇರಿತು.

ಇಲ್ಲಿ ಕಾಲನಿರ್ಣಯದ ಪ್ರಶ್ನೆಯನ್ನು ವಿದ್ಯಾರ್ಥಿಗಳು ಗಮನಿಸತಕ್ಕದ್ದು. ಹೆಂಚಿನ ಮೇಲೆ 1865 ಎಂದಿರುವುದರಿಂದ ಹಡಗು ಮುಳುಗಿದ್ದು 1865ರಲ್ಲಿ ಎಂದು ಬರೆದುಬಿಡುವುದು ಸುಲಭ. ಆದರೆ ಅದು ದುಡುಕು. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಜರ್ಮನ್ ದೇಶದ ಜಾರ್ಜ್ ಪ್ಲೆಬ್ಸ್ಟ್ ಎಂಬವರು ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಪ್ರಾರಂಭಿಸಿದ್ದು 1865ರಲ್ಲಿ. ಆ ವರ್ಷ ಕಾರ್ಖಾನೆಯ ಹುಟ್ಟಿನದೇ ಹೊರತು ಆಯಾ ಹೆಂಚಿನ ಹುಟ್ಟಿನದಲ್ಲ. ಅನಂತರ ಬಹುಕಾಲ ತಯಾರಾದ ಹೆಂಚುಗಳೂ ಅದೇ ಅಂಕೆಯನ್ನು ಹೊತ್ತಿರುವುದುಂಟು. ಮೇಲಾಗಿ ಆ ಸಂಸ್ಥೆಯ ಕಾರ್ಖಾನೆಗಳು ಕಲ್ಲಿಕೋಟೆ, ಕುದ್ರೋಳಿ, ಮಲ್ಪೆ ಮೊದಲಾದೆಡೆಗಳಲ್ಲಿಯೂ ಒಂದೊಂದಾಗಿ ಹುಟ್ಟಿಕೊಂಡುವು. ಆದುದರಿಂದ ಅಚ್ಚು ಹೇಳುವುದು ಇಷ್ಟೇ: ಹಡಗು 1865ಕ್ಕೆ ಮುಂಚೆ ಮುಳುಗಿರಲಾರದು. ದಾನಶಾಸನದಲ್ಲಿ ಹೆಸರಿಸಲಾದ ರಾಜನ ಕಾಲಕ್ಕೂ ಕಲ್ಲನ್ನು ಕಡೆದ ಕಾಲಕ್ಕೂ ಭೇದವೆಣಿಸುವ ನಾವು ಹೆಂಚಿನ ವಿಷಯದಲ್ಲಿಯೂ ಆ ಎಚ್ಚರವನ್ನು ಬಿಡಲಾಗದು. ಮನೆಗಳನ್ನು ಕೆಡವಿ ತಾರಸಿ ಹಾಕುತ್ತಿರುವ ಈ ದಿನಗಳಲ್ಲಿ, ಇಳಿಸಿ ರಾಶಿಹಾಕಿದ ಹೆಂಚುಗಳ ಅಚ್ಚುಗಳನ್ನು, ಅದು ಬಾಸೆಲ್ ಮಿಷನ್ನಿನದಾಗಲಿ, ಆಲ್ಬುಕರ್ಕ್ ಮೊದಲಾದ ಇತರರದಾಗಲಿ, ಕಟ್ಟಡದ ಕಾಲದೊಂದಿಗೆ ಬರೆದಿಡುವ ಕೆಲಸವನ್ನು ದೊಡ್ಡಬಳ್ಳಾಪುರದ ವಿದ್ಯಾರ್ಥಿಯೊಬ್ಬನು ಮಾಡಿದರೆ, ಕಡಲಡಿಯಲ್ಲಿ ಮುಳುಗುವವನಿಗೆ ಅದರಿಂದ ನೇರವಾದ ಸಹಾಯವುಂಟು. ಯಾವ ಅಚ್ಚು ಎಂದಿನಿಂದ ಎಂದಿನವರೆಗೆ ಬಳಕೆಯಲ್ಲಿತ್ತೆಂಬುದು ನೆಲದ ಮೇಲೆಯೇ ತಿಳಿಯಬೇಕಾದ ವಿಷಯ.

ಇನ್ನು ಮುಳುಗುವ ಉಪಾಯ. ಮುತ್ತು ತೆಗೆಯುವವರು ಉಸಿರು ಬಿಗಿಹಿಡಿದು ಮುಳುಗುವ ಪದ್ಧತಿ ಮನ್ನಾರ್ ಕೊಲ್ಲಿಯಲ್ಲಿ ಪ್ರಾಚೀನಕಾಲದಿಂದ ಇದ್ದದ್ದೇ. ಆದರೆ ಕ್ಷಣಕಾಲ ಇಳಿದು ಕೈಗೆ ಸಿಕ್ಕಿದ್ದನ್ನು ತರಬಹುದೇ ಹೊರತು, ಅಳೆಯುವುದು, ನಕ್ಷೆ ಬರೆಯುವುದು ಸಾಧ್ಯವಿಲ್ಲ. ತಾಮ್ರದ ಶಿರಸ್ತ್ರಾಣವನ್ನು ತೊಟ್ಟು, ಮೇಲಿನ ದೋಣಿಯಿಂದ ಕೊಳವೆಯ ಮೂಲಕ ಗಾಳಿ ಪಡೆದು ನಡೆಯುವ ವಿಧಾನವು 19ನೆಯ ಶತಮಾನದಲ್ಲಿ ಬಂದಿತಾದರೂ ಆ ಭಾರದ ಉಡುಪಿನಲ್ಲಿ ಕಾಲಿಟ್ಟೆಡೆ ಅವಶೇಷಗಳು ಪುಡಿಯಾಗುತ್ತಿದ್ದುವು. 1943ರಲ್ಲಿ ಫ್ರಾನ್ಸಿನ ನೌಕಾಧಿಕಾರಿ ಜಾಕ್ ಈವ್ ಕೂಸ್ತೊ ಮತ್ತು ಎಂಜಿನಿಯರ್ ಎಮಿಲ್ ಗಾನ್ಯಾನ್ ಸಿದ್ಧಪಡಿಸಿದ ಉಪಕರಣವು ಈ ತೊಡಕನ್ನು ನಿವಾರಿಸಿತು. ಸ್ಕೂಬಾ ಎಂದು ಲೋಕರೂಢಿಯಲ್ಲಿ ಕರೆಯುವುದು ಈ ಬಗೆಯ ಉಪಕರಣವನ್ನೇ. ನೀರಿನಡಿಯಲ್ಲಿ ಉಸಿರಾಡಲು ಬೇಕಾದುದೆಲ್ಲವನ್ನೂ ಮುಳುಗುವವನು ತನ್ನೊಡನೆಯೇ ಒಯ್ಯುತ್ತಾನೆಂಬುದು ಆ ಹೆಸರಿನ ತಾತ್ಪರ್ಯ.

ಉಪಕರಣದ ಸಾರವೆಲ್ಲ ರೆಗ್ಯುಲೇಟರ್ ಎಂಬ ಚಿಕ್ಕ ಯಂತ್ರದಲ್ಲಿದೆ. ಬೆನ್ನಿನ ಸಿಲಿಂಡರಿನಲ್ಲಿ ಗಾಳಿಯನ್ನು ವಾಯುಭಾರದ ಸುಮಾರು 200 ಪಾಲು ಒತ್ತಡದಲ್ಲಿ ತುಂಬಿರುತ್ತಾರೆ. ಅದು ಹಾಗೆಯೇ ಬಾಯಿಗೆ ನುಗ್ಗಿದರೆ ಶ್ವಾಸಕೋಶ ಉಳಿಯದು. ಅದರ ಒತ್ತಡವನ್ನು ಎರಡು ಹಂತಗಳಲ್ಲಿ ತಗ್ಗಿಸಿ, ಸುತ್ತಲಿನ ನೀರಿನ ಒತ್ತಡಕ್ಕೆ ಸರಿಸಮವಾಗಿ, ಉಸಿರು ಎಳೆದಾಗ ಮಾತ್ರ ಒದಗಿಸುವುದು ರೆಗ್ಯುಲೇಟರಿನ ಕೆಲಸ. ಕಣ್ಣು ಮೂಗುಗಳನ್ನು ಮುಚ್ಚುವ ಗಾಜಿನ ಮುಖವಾಡ, ಕಾಲಿಗೆ ರಬ್ಬರಿನ ಈಜುರೆಕ್ಕೆಗಳು, ಸೊಂಟಕ್ಕೆ ಸೀಸದ ತೂಕ, ಗಾಳಿ ತುಂಬಿ ತೆಗೆಯಬಹುದಾದ ತೇಲುಕವಚ, ಆಳವನ್ನೂ ಉಳಿದ ಗಾಳಿಯನ್ನೂ ತೋರಿಸುವ ಮಾಪಕಗಳು, ಇವು ಉಳಿದ ಸಲಕರಣೆಗಳು.

ಆಳ ಪ್ರತಿ 10 ಮೀಟರು ಹೆಚ್ಚಿದಂತೆ ಒಂದು ವಾಯುಭಾರದಷ್ಟು ಒತ್ತಡ ಹೆಚ್ಚುತ್ತದೆ. ಒತ್ತಡ ಇಮ್ಮಡಿಯಾದರೆ ಗಾಳಿಯ ಗಾತ್ರ ಅರ್ಧಕ್ಕಿಳಿಯುವುದೆಂಬ ಬಾಯ್ಲನ ನಿಯಮವನ್ನು ವಿಜ್ಞಾನದ ತರಗತಿಯಲ್ಲಿ ಓದಿದವರು ಇದನ್ನು ಸುಲಭವಾಗಿ ಲೆಕ್ಕಹಾಕಬಹುದು. 12 ಲೀಟರಿನ ಸಿಲಿಂಡರಿನಲ್ಲಿ 200 ಪಾಲು ಒತ್ತಡದ ಗಾಳಿಯೆಂದರೆ ಹೊರಗಣ ಅಳತೆಯಲ್ಲಿ 2400 ಲೀಟರು. ನಿಮಿಷಕ್ಕೆ 20 ಲೀಟರು ಉಸಿರಾಡುವವನಿಗೆ ನೀರಿನ ಮೇಲ್ಮೈಯಲ್ಲಿ ಅದು ಎರಡು ಗಂಟೆಗೆ ಸಾಲುತ್ತದೆ. 10 ಮೀಟರು ಆಳದಲ್ಲಿ ಒಂದು ಗಂಟೆಗೆ. 30 ಮೀಟರಿನಲ್ಲಿ ಕೇವಲ ಅರ್ಧ ಗಂಟೆಗೆ. ಅದರಲ್ಲಿಯೂ ಮೇಲೇರುವುದಕ್ಕೂ ಆಪತ್ತಿಗೂ ಒಂದು ಪಾಲನ್ನು ಮೀಸಲಿಡಬೇಕು. ಹಂಪೆಯಲ್ಲಿ ಉತ್ಖನನ ಮಾಡುವವನಿಗೆ ಒಂದು ಹಗಲು ಪೂರ್ತಿ ಕೈಯಲ್ಲಿದ್ದರೆ ಕಡಲಡಿಯಲ್ಲಿ ದುಡಿಯುವವನಿಗೆ ದಿನದಲ್ಲಿ ಒಂದೆರಡು ಮುಳುಗುಗಳಷ್ಟೇ ದೊರೆಯುವುವು. ಸಾಗರ ಪುರಾತತ್ತ್ವದ ವರದಿಗಳು ತಡವಾಗಿ ಹೊರಬರುತ್ತವೆಂದು ಆಕ್ಷೇಪಿಸುವವರು ಈ ಲೆಕ್ಕವನ್ನು ಮನಸ್ಸಿನಲ್ಲಿಡಬೇಕು.

ಅಪಾಯಗಳೂ ಈ ನಿಯಮದಿಂದಲೇ ಹುಟ್ಟುವುವು. ಆಳದಲ್ಲಿ ತುಂಬಿಕೊಂಡ ಉಸಿರನ್ನು ಬಿಗಿಹಿಡಿದು ಮೇಲೇರಿದರೆ ಗಾಳಿ ಹಿಗ್ಗಿ ಶ್ವಾಸಕೋಶ ಹರಿಯುತ್ತದೆ. ಒತ್ತಡದಲ್ಲಿ ರಕ್ತಕ್ಕೆ ಸೇರಿದ ಸಾರಜನಕವು, ಬಾಟಲಿಯ ಮುಚ್ಚಳ ತೆಗೆದಾಗ ಸೋಡಾ ನೊರೆಯುವಂತೆ, ಅವಸರದ ಏರಿಕೆಯಲ್ಲಿ ಗುಳ್ಳೆಗಟ್ಟಿ ಕೀಲುಗಳಲ್ಲಿ ಬೇನೆಯನ್ನೂ ಕೆಲವೊಮ್ಮೆ ಪಕ್ಷವಾತವನ್ನೂ ತರುತ್ತದೆ. ನಿಮಿಷಕ್ಕೆ ಸುಮಾರು 9 ಮೀಟರಿಗಿಂತ ಬೇಗ ಏರಬಾರದು, ಮೇಲ್ಮೈಗೆ 5 ಮೀಟರು ಇರುವಾಗ ಮೂರು ನಿಮಿಷ ತಂಗಬೇಕು ಎಂಬುದು ಇದಕ್ಕಾಗಿಯೇ ಏರ್ಪಟ್ಟ ರೂಢಿ. 30 ಮೀಟರಿಗಿಂತ ಕೆಳಗೆ ಸಾರಜನಕವೇ ಅಮಲೇರಿಸಿ ಬುದ್ಧಿಯನ್ನು ಮಂಕಾಗಿಸುತ್ತದೆ. ಅಂಥವನು ಬರೆದು ತಂದ ಅಳತೆಗಳನ್ನು ನಂಬುವ ಮೊದಲು ಮತ್ತೊಬ್ಬನಿಂದ ಅಳೆಯಿಸುವುದು ಲೇಸು. ಸಾಲದುದಕ್ಕೆ ಮುಖವಾಡದ ಗಾಜಿನ ಮೂಲಕ ವಸ್ತುಗಳು ನಿಜವಾದ ಗಾತ್ರಕ್ಕಿಂತ ಮೂರನೆಯ ಒಂದು ಪಾಲು ದೊಡ್ಡವಾಗಿ ತೋರುತ್ತವೆ. ಕೆಂಪು ಬಣ್ಣವಂತೂ ಕೆಲವೇ ಮೀಟರುಗಳಲ್ಲಿ ಮರೆಯಾಗುವುದರಿಂದ ದೀಪ ಹಿಡಿಯದಿದ್ದರೆ ಹೆಂಚೂ ಬಂಡೆಯೂ ಒಂದೇ ಬೂದುಬಣ್ಣ.

ಪುರಾತತ್ತ್ವಜ್ಞನು ತಾನೇ ಮುಳುಗಬೇಕೆ, ಮುಳುಗುವ ಕಸುಬಿನವರಿಂದ ವಸ್ತುಗಳನ್ನು ತರಿಸಿಕೊಂಡರೆ ಸಾಲದೆ ಎಂಬ ಪ್ರಶ್ನೆ ಸಹಜ. ಗ್ರೀಸಿನ ಆಂಟಿಕಿಥೆರಾ ದ್ವೀಪದ ಬಳಿ 1900ರಲ್ಲಿ ದೊರೆತ ಹಡಗಿನಿಂದ ಪ್ರತಿಮೆಗಳನ್ನು ಎತ್ತಿದವರು ಸ್ಪಂಜು ತೆಗೆಯುವವರು. ವಸ್ತುಗಳು ಬಂದುವು, ಯಾವುದು ಯಾವುದರ ಪಕ್ಕದಲ್ಲಿತ್ತೆಂಬ ದಾಖಲೆ ಬರಲಿಲ್ಲ. 1960ರಲ್ಲಿ ಟರ್ಕಿಯ ಗೆಲಿಡೋನ್ಯ ಭೂಶಿರದ ಬಳಿ ಜಾರ್ಜ್ ಬಾಸ್ ಅವರು ತಾವೇ ಮುಳುಗಲು ಕಲಿತು, ಕಂಚಿನ ಯುಗದ ಹಡಗೊಂದನ್ನು ನೆಲದ ಉತ್ಖನನದ ಕ್ರಮದಲ್ಲಿಯೇ ಶೋಧಿಸಿದರು. ಅಲ್ಲಿಂದೀಚೆಗೆ ಈ ವಿವಾದ ಮುಗಿದಂತೆಯೇ ಎಂದು ನಾವೆಣಿಸುತ್ತೇವೆ.

ಭಾರತದಲ್ಲಿ ಈ ಶಾಸ್ತ್ರಕ್ಕೆ ತಳಹದಿ ಹಾಕಿದವರು ಕನ್ನಡಿಗರೇ ಆದ ಶಿಕಾರಿಪುರ ರಂಗನಾಥ ರಾವ್ (1922–2013) ಎಂಬುದು ಸಂತೋಷದ ಸಂಗತಿ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಓದಿ, ಲೋಥಲ್ ಉತ್ಖನನದಿಂದ ಹೆಸರಾದ ಅವರು 1981ರಲ್ಲಿ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯಲ್ಲಿ ಸಾಗರ ಪುರಾತತ್ತ್ವ ಕೇಂದ್ರವನ್ನು ಕಟ್ಟಿದರು. ದ್ವಾರಕೆಯ ಕಡಲಿನಲ್ಲಿ ಕಲ್ಲಿನ ಕಟ್ಟಡಗಳನ್ನೂ ಮೂರು ತೂತುಗಳ ಕಲ್ಲು ಲಂಗರುಗಳನ್ನೂ ಶೋಧಿಸಿ, ಅವು ಮಹಾಭಾರತದ ದ್ವಾರಕೆಯ ಕುರುಹುಗಳೆಂದು ಪ್ರತಿಪಾದಿಸಿದರು. ಅದೇ ಸಂಸ್ಥೆಯ ಮುಂದಿನ ವಿದ್ವಾಂಸರು ಲಂಗರುಗಳಲ್ಲಿ ಬಹುಪಾಲು ಐತಿಹಾಸಿಕ ಹಾಗೂ ಮಧ್ಯಯುಗದ ಬಂದರಿಗೆ ಸೇರಿದವೆಂದು ಅಭಿಪ್ರಾಯಪಟ್ಟಿದ್ದಾರೆ. ಲಂಗರಿನ ಆಕಾರ ಶತಮಾನಗಳವರೆಗೆ ಬದಲಾಗದೆ ಉಳಿಯುವುದರಿಂದ ಆಕಾರವೊಂದರಿಂದಲೇ ಕಾಲವನ್ನು ಹೇಳಲಾಗದೆಂಬ ಎರಡನೆಯ ಪಕ್ಷದ ವಾದ ನಮಗೆ ಬಲವಾಗಿ ತೋರುತ್ತದೆ. ಹಾಗೆಂದು ಕೇಂದ್ರವನ್ನು ಕಟ್ಟಿದವರ ಸಾಧನೆಗೆ ಕುಂದಿಲ್ಲ. ಅವರ ನಿರ್ಣಯವನ್ನು ಪರೀಕ್ಷಿಸುವ ಶಕ್ತಿಯನ್ನು ಶಿಷ್ಯವರ್ಗಕ್ಕೆ ಕೊಟ್ಟದ್ದೂ ಅವರೇ.

ಕಡಲು ಯಾವುದನ್ನು ಉಳಿಸುತ್ತದೆ, ಯಾವುದನ್ನು ನುಂಗುತ್ತದೆ ಎಂಬುದಕ್ಕೆ ಜೀವಿಗಳೇ ಮುಖ್ಯ ಕಾರಣ. ಹಡಗುಹುಳು ಎಂದು ಕರೆಯುವ ಪ್ರಾಣಿ ವಾಸ್ತವವಾಗಿ ಹುಳುವಲ್ಲ, ಕಪ್ಪೆಚಿಪ್ಪಿನ ಬಂಧು. ನಮ್ಮ ಬೆಚ್ಚಗಿನ ಕಡಲಿನಲ್ಲಿ ಅದು ಮರವನ್ನು ಕೊರೆದು ಜಾಲರಿ ಮಾಡುತ್ತದೆ. ಮರಳಿನಲ್ಲಿ ಹೂತುಹೋದ ಭಾಗವಷ್ಟೇ ಅದರಿಂದ ಪಾರಾಗುವುದು. ಗೋವೆಯ ಸುಂಚಿ ಬಂಡೆಸಾಲಿನಲ್ಲಿ ಶೋಧಿಸಲಾದ 17ನೆಯ ಶತಮಾನದ ಆರಂಭದ ಪೋರ್ಚುಗೀಸ್ ಹಡಗಿನಿಂದ ದೊರೆತವು ಆನೆಯ ದಂತ, ನೀರಾನೆಯ ಹಲ್ಲು, ಚೀನಾದ ಪಿಂಗಾಣಿ, ಫಿರಂಗಿ, ಕಡೆದ ಕಲ್ಲುಗಳು. ಮರ, ಬಟ್ಟೆ, ಕಾಗದಗಳು ಕಳೆದುಹೋದಲ್ಲಿ ಇಂಥ ಗಟ್ಟಿ ಸರಕುಗಳೇ ಸಾಕ್ಷಿ. ಅವಶೇಷದ ಮೇಲೆ ಹವಳ, ಸಿಂಪಿ, ಪಾಚಿಗಳು ನೆಲಸಿ ಅದನ್ನು ಬಂಡೆಯಂತೆಯೇ ಮಾಡುತ್ತವೆ. ಮೀನುಗಳು ಅದರ ಸಂದುಗಳಲ್ಲಿ ಮನೆಮಾಡುತ್ತವೆ.

ಕರ್ನಾಟಕದ ನೀರಿನಲ್ಲಿ ಈ ಜೀವಲೋಕವನ್ನು ಕಣ್ಣಾರೆ ನೋಡಬೇಕೆನ್ನುವವರಿಗೆ ನೇತ್ರಾಣಿ ದ್ವೀಪವೇ ಸ್ಥಳ. ಮುರ್ಡೇಶ್ವರದ ತೀರದಿಂದ ಸುಮಾರು 19 ಕಿಲೋಮೀಟರು ದೂರದ ಈ ಗುಡ್ಡವನ್ನು ಇಂಗ್ಲಿಷರು ಪಾರಿವಾಳದ ದ್ವೀಪವೆಂದು ಕರೆದರು. ಮಳೆಗಾಲ ಕಳೆದು ನೀರು ತಿಳಿಯಾದಮೇಲೆ ಅಲ್ಲಿ ಹವಳಗಳ ನಡುವೆ ಗಿಳಿಮೀನು, ಚಿಟ್ಟೆಮೀನು, ಬಂಡೆಯ ಬಿಲಗಳಲ್ಲಿ ಅಡಗುವ ಮೊರೆ ಹಾವುಮೀನು, ಹಿಂಡುಗಟ್ಟಿದ ಬರಾಕುಡಗಳು, ಕಡಲಾಮೆಗಳು ಕಾಣಸಿಗುತ್ತವೆ. ಒಮ್ಮೊಮ್ಮೆ ತಿಮಿಂಗಿಲ ಶಾರ್ಕ್ ಎಂಬ ಸಾಧುವಾದ ಮಹಾಮತ್ಸ್ಯವೂ ಕಾಣುವುದುಂಟು. ಬಂಡೆಗಳ ಮೇಲೆ ಬಿಳಿಹೊಟ್ಟೆಯ ಕಡಲಹದ್ದುಗಳು ಗೂಡುಕಟ್ಟುತ್ತವೆ. ಇಂಥ ದ್ವೀಪವನ್ನು ನೌಕಾಪಡೆಯವರು ಗುರಿಯ ಅಭ್ಯಾಸಕ್ಕೆ ಬಳಸಿದರೆಂಬುದು ವಿಷಾದದ ಮಾತು.

ನಮ್ಮ ಜಿಲ್ಲೆಯೊಂದಿಗೆ ಇನ್ನೊಂದು ನಂಟುಂಟು. ದೇವನಹಳ್ಳಿಯಲ್ಲಿ ಜನಿಸಿದ ಟಿಪ್ಪು ಸುಲ್ತಾನನು 1796ರಲ್ಲಿ ನೌಕಾಪಡೆಯ ಬಗೆಗೆ ವಿವರವಾದ ಆಜ್ಞೆಯನ್ನು ಹೊರಡಿಸಿದನು: 20 ದೊಡ್ಡ ಯುದ್ಧನೌಕೆಗಳು, 20 ಫ್ರಿಗೇಟುಗಳು, ಅವನ್ನು ಕಟ್ಟಲು ಮಂಗಳೂರಿನ ಬಳಿಯ ಜಮಾಲಾಬಾದ್, ಮಿರ್ಜಾನಿನ ಬಳಿಯ ವಾಜಿದಾಬಾದ್, ಸದಾಶಿವಗಡದ ಬಳಿಯ ಮಜೀದಾಬಾದ್ ಎಂಬ ಮೂರು ನೆಲೆಗಳು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದುದರಿಂದ ಯೋಜನೆ ಪೂರ್ಣವಾಗಲಿಲ್ಲ. ಅದಕ್ಕೂ ಮುಂಚೆ, 1780ರ ಡಿಸೆಂಬರಿನಲ್ಲಿ, ಅಡ್ಮಿರಲ್ ಹ್ಯೂಸನ ಪಡೆ ಹೈದರಾಲಿಯ ಹಡಗುಗಳನ್ನು ಮಂಗಳೂರಿನಲ್ಲಿ ನಾಶಮಾಡಿತ್ತು. ಈ ಹಡಗುಗಳ ಬಗೆಗೆ ನಮಗೆ ದೊರೆಯುವ ವರ್ಣನೆಗಳು ಹೆಚ್ಚಾಗಿ ಗೆದ್ದವರು ಬರೆದವು. ಹಲಗೆಗಳನ್ನು ಜೋಡಿಸಿದ ರೀತಿ, ಫಿರಂಗಿಗಳ ಎರಕ, ಬಳಸಿದ ಮರದ ಜಾತಿ, ಇವನ್ನು ಆ ಬರವಣಿಗೆಯಿಂದಲ್ಲ, ಅವಶೇಷದಿಂದಲೇ ತಿಳಿಯಬೇಕು. ಅಳಿವೆಯ ಹೂಳು ನೋಟಕ್ಕೆ ಶತ್ರುವಾದರೂ ಮರಕ್ಕೆ ಮಿತ್ರ.

ಆದರೆ ಅಂಥ ಅವಶೇಷಗಳಿಗೆ ಕಾಲಾವಕಾಶ ಹೆಚ್ಚಿಲ್ಲ. ಟ್ರಾಲ್ ದೋಣಿಗಳ ಬಲೆ ತಳವನ್ನೇ ಗೋರಿಕೊಂಡು ಹೋಗುತ್ತದೆ. ಬಂದರುಗಳಲ್ಲಿ ಹೂಳೆತ್ತುವ ಯಂತ್ರಗಳು ದುಡಿಯುತ್ತವೆ. ವಿನೋದಕ್ಕಾಗಿ ಮುಳುಗುವವರಲ್ಲಿ ನೆನಪಿನ ಕಾಣಿಕೆಯೆಂದು ಕೈಗೆ ಸಿಕ್ಕಿದ್ದನ್ನು ಎತ್ತುವವರೂ ಇದ್ದಾರೆ. ನೂರು ವರ್ಷಗಳಿಗೆ ಮೀರಿದ ಇಂಥ ವಸ್ತುಗಳು 1972ರ ಪುರಾತನವಸ್ತುಗಳ ಕಾಯಿದೆಯ ವ್ಯಾಪ್ತಿಗೆ ಬರುತ್ತವೆ. ಯುನೆಸ್ಕೋ ಸಂಸ್ಥೆಯು 2001ರಲ್ಲಿ ಅಂಗೀಕರಿಸಿದ ಒಡಂಬಡಿಕೆಯು ಅವಶೇಷವನ್ನು ಇದ್ದಲ್ಲಿಯೇ ಕಾಪಾಡುವುದೇ ಮೊದಲ ಆಯ್ಕೆಯೆಂದು ಹೇಳುತ್ತದೆ. ಎತ್ತಲೇಬೇಕಾದ ವಸ್ತುವನ್ನು ಒಣಗಲು ಬಿಡದೆ ನೀರಿನಲ್ಲಿಯೇ ಇಟ್ಟು, ಮತ್ತೆ ಮತ್ತೆ ಸಿಹಿನೀರು ಬದಲಾಯಿಸುತ್ತ, ಒಳಗಿಳಿದ ಉಪ್ಪನ್ನು ತಿಂಗಳುಗಟ್ಟಲೆ ತೆಗೆಯಬೇಕಾಗುತ್ತದೆ. ಹಾಗೆ ಮಾಡದೆ ಮನೆಗೆ ಒಯ್ದ ದಂತ ಸೀಳಿಹೋಗುತ್ತದೆ, ಕಬ್ಬಿಣ ಪದರುಪದರಾಗಿ ಉದುರುತ್ತದೆ, ಹೆಂಚಿನ ಮೇಲಣ ಅಚ್ಚು ಉಪ್ಪಿನ ಹರಳುಗಳಿಂದ ಸಿಡಿದು ಓದಲಾಗದಂತಾಗುತ್ತದೆ.