ಅಜ್ಜ ಬರೆದದ್ದನ್ನು ಪುಳ್ಳಿ ಓದಬೇಕಾದರೆ

ಕುಂಬಳೆ ಸೀಮೆಯಲ್ಲಿ 1945ರಲ್ಲಿ ಹುಟ್ಟಿ ಅದೇ ಮನೆಯಲ್ಲಿ ಬಾಳಿದ ಒಬ್ಬ ಅಜ್ಜನ ಲೆಕ್ಕ ಹಾಕಿ ನೋಡಿ. ಹುಟ್ಟಿದ್ದು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. 1957ರಲ್ಲಿ ಮಲಬಾರ್ ಜಿಲ್ಲೆಯನ್ನು ಒಡೆದಾಗ ಕಣ್ಣೂರು ಜಿಲ್ಲೆಯ ಪಾಲಾಯಿತು. 1984ರ ಮೇ 24ಕ್ಕೆ ಕಾಸರಗೋಡೇ ಒಂದು ಜಿಲ್ಲೆಯಾಯಿತು. ಮನೆ ಕದಲಲಿಲ್ಲ, ಬಾವಿ ಕದಲಲಿಲ್ಲ. ವಿಳಾಸ ಮಾತ್ರ ಬದಲಾಗುತ್ತಾ ಹೋಯಿತು. ಇಂತಹ ಅಜ್ಜಂದಿರು ಜಗಲಿಯಲ್ಲಿ ಕುಳಿತು ಇದನ್ನೆಲ್ಲ ಹೇಳುತ್ತಾರೆ. ಬರೆದಿಟ್ಟವರು ಮಾತ್ರ ಬಹಳ ಕಡಿಮೆ.

ಇಳಿವಯಸ್ಸಿನಲ್ಲಿ ಮನೆತನದ, ಬದುಕಿನ ಕಥೆ ಬರೆಯುವುದು ಎಲ್ಲ ಊರಿನಲ್ಲೂ ಒಳ್ಳೆಯದೇ. ಗಡಿನಾಡಿನಲ್ಲಿ ಅದಕ್ಕೆ ಇನ್ನೊಂದು ಕಾರಣವಿದೆ. ಇಲ್ಲಿನ ಅನೇಕ ಮನೆಗಳ ಹಳೆಯ ಪಾಲುಪಟ್ಟಿ, ಗೇಣಿ ಚೀಟು, ಕಾಗದಪತ್ರಗಳು ಕನ್ನಡದಲ್ಲಿವೆ. ಮಗ ಅದನ್ನು ತಡವರಿಸುತ್ತಾ ಓದುತ್ತಾನೆ. ಮಲಯಾಳ ಅಥವಾ ಇಂಗ್ಲಿಷ್ ಮಾಧ್ಯಮದಲ್ಲಿ ಕಲಿತ ಪುಳ್ಳಿಗೆ ಅಕ್ಷರವೇ ತಿಳಿಯದಿರಬಹುದು. ಓದಿ ಅರ್ಥ ಹೇಳುವ ಹಿರಿಯರು ಹೋದ ದಿನ, ಅಟ್ಟದ ಪೆಟ್ಟಿಗೆಯ ಕಾಗದಗಳೂ ಮೂಕವಾಗುತ್ತವೆ.

ಈ ಮಣ್ಣಿನಲ್ಲಿ ಜೀವನಕಥೆ ಬರೆದವರು ಇಲ್ಲದಿಲ್ಲ. 1915ರಲ್ಲಿ ಹುಟ್ಟಿ 2015ರಲ್ಲಿ ತೀರಿಕೊಂಡ ಕವಿ ಕಯ್ಯಾರ ಕಿಞ್ಞಣ್ಣ ರೈ ಅವರ ಆತ್ಮಕಥೆ ‘ದುಡಿತವೇ ನನ್ನ ದೇವರು’. ಅಧ್ಯಾಪಕರಾಗಿ, ಕೃಷಿಕರಾಗಿ, ಕಾಸರಗೋಡಿನ ವಿಲೀನೀಕರಣ ಹೋರಾಟಗಾರರಾಗಿ ಬಾಳಿದವರು ಅವರು. ಆದರೆ ‘ಕವಿಗಳು ಬರೆಯಲಿ, ನಮ್ಮದೇನು ಮಹಾ ಕಥೆ?’ ಎಂದು ಉಳಿದವರು ಸುಮ್ಮನಾಗುತ್ತಾರೆ. ಅಡಿಕೆ ಸುಲಿದವರ, ಬೀಡಿ ಕಟ್ಟಿದವರ, ಐದು ಮೈಲು ನಡೆದು ಶಾಲೆಗೆ ಹೋದವರ ಕಥೆಯನ್ನು ಬೇರೆ ಯಾರೂ ಬಂದು ಬರೆಯುವುದಿಲ್ಲ.

ಮುದುಕರು ಹಳೆಯದನ್ನೇ ಮೆಲುಕು ಹಾಕುವುದು ಅರಳುಮರಳಿನ ಲಕ್ಷಣವೆಂದು ಒಂದು ಕಾಲದಲ್ಲಿ ವೈದ್ಯರೂ ಭಾವಿಸಿದ್ದರು. ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ 1963ರಲ್ಲಿ ಬರೆದ ಲೇಖನದಲ್ಲಿ ಇದನ್ನು ಅಲ್ಲಗಳೆದು, ಬಾಳಿದ ಬಾಳನ್ನು ಹಿಂದಿರುಗಿ ನೋಡುವುದು ವೃದ್ಧಾಪ್ಯದ ಸಹಜ ಕೆಲಸ ಎಂದರು. ಸಾಮಾನ್ಯವಾಗಿ ಹತ್ತರಿಂದ ಮೂವತ್ತು ವರ್ಷದೊಳಗಿನ ನೆನಪುಗಳೇ ಹಿರಿಯರಲ್ಲಿ ಹೆಚ್ಚು ಗಟ್ಟಿಯಾಗಿ ಉಳಿದಿರುತ್ತವೆ ಎಂಬುದೂ ಸಂಶೋಧನೆಗಳಿಂದ ತಿಳಿದಿದೆ. ಹಾಗಾಗಿ ಹುಟ್ಟಿನಿಂದ ಕ್ರಮವಾಗಿ ಬರೆಯಬೇಕೆಂದಿಲ್ಲ. ಮೊದಲು ನೆನಪಾದದ್ದನ್ನು ಮೊದಲು ಬರೆದರಾಯಿತು.

ಹೆಚ್ಚಿನವರು ಎಡವುವುದು ಇಲ್ಲಿಯೇ. ನೋಟ್ ಪುಸ್ತಕ ಕೊಂಡು ಗೋತ್ರ, ಸೂತ್ರ, ಮೂಲಸ್ಥಾನ, ವಂಶಾವಳಿ ಎಂದು ಆರಂಭಿಸುತ್ತಾರೆ. ಹತ್ತು ಪುಟದಲ್ಲಿ ಕೈ ಸೋಲುತ್ತದೆ. ಆ ವಂಶಾವಳಿಯಲ್ಲಿಯೂ ಗಂಡಸರ ಹೆಸರೇ ಹೆಚ್ಚು. ಹೆಣ್ಣಿನ ಕಡೆಯಿಂದಲೇ ಕುಟುಂಬ ಲೆಕ್ಕ ಹಾಕುವ ಅಳಿಯಕಟ್ಟಿನ ಮನೆಗಳು ಇಷ್ಟೊಂದಿರುವ ನಾಡಿನಲ್ಲಿ ಇದು ತಮಾಷೆಯೇ ಸರಿ. ಬೇರೆ ಮನೆಗೆ ಮದುವೆಯಾಗಿ ಹೋದ ಅತ್ತೆ, ಹೆರಿಗೆಯಲ್ಲಿ ತೀರಿಹೋದ ಮೊದಲ ಹೆಂಡತಿ, ಇವರ ಹೆಸರು ಬರೆಯಬಲ್ಲವರು ಈಗ ಒಬ್ಬಿಬ್ಬರೇ ಉಳಿದಿರುತ್ತಾರೆ.

ಬದಲಿಗೆ ಸಣ್ಣ ಪ್ರಶ್ನೆಗಳಿಂದ ತೊಡಗುವುದು ಸುಲಭ. ‘ನಿಮ್ಮ ಜೀವನ ಹೇಳಿ ಅಜ್ಜಿ’ ಎಂದರೆ ಅಜ್ಜಿ ‘ಎಂತ ಹೇಳುವುದು ಮಗಾ’ ಎಂದು ನಕ್ಕು ಸುಮ್ಮನಾಗುತ್ತಾರೆ. ‘ಆಟಿ ತಿಂಗಳಲ್ಲಿ ಮನೆಯಲ್ಲಿ ಅಕ್ಕಿ ಮುಗಿದರೆ ಏನು ತಿನ್ನುತ್ತಿದ್ದಿರಿ?’ ಎಂದು ಕೇಳಿದರೆ ಹಲಸಿನ ಬೀಜ, ಕೆಸುವಿನ ಎಲೆ, ತಗತೆ ಸೊಪ್ಪು ಒಂದೊಂದಾಗಿ ಬರುತ್ತವೆ. ಅದರ ಹಿಂದೆಯೇ ಸಾಲ ಕೊಟ್ಟವರು, ಕೊಡದವರು, ಹಸಿದು ಮಲಗಿದ ರಾತ್ರಿಗಳೂ ಬರುತ್ತವೆ. ಬರೆಯಲು ಕೈ ನಡುಗುವವರ, ಶಾಲೆ ಕಾಣದವರ ಮಾತನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ ಮಕ್ಕಳು ಆಮೇಲೆ ಬರೆದುಕೊಳ್ಳಬಹುದು.

ಇಸವಿ ನೆನಪಿಲ್ಲ ಎಂಬುದು ಇನ್ನೊಂದು ತೊಡಕು. ಎಲ್ಲರೂ ಬಲ್ಲ ಘಟನೆಯೊಂದನ್ನು ಗೂಟವಾಗಿ ಹಿಡಿದರೆ ವರ್ಷ ಸಿಗುತ್ತದೆ. ಅಣೆ ಹೋಗಿ ನಯಾಪೈಸೆ ಬಂದದ್ದು 1957ರ ಏಪ್ರಿಲ್ 1ರಂದು. ಮಹಾಜನ ಆಯೋಗದ ವರದಿ 1967ರದ್ದು. ಅಡಿಕೆ ಬೆಲೆ ಕುಸಿದು ಬೆಳೆಗಾರರು ಕಂಗೆಟ್ಟ ಮೇಲೆ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿದ್ದು 1973ರಲ್ಲಿ. ‘ಅಕ್ಕನ ಮದುವೆ ನಯಾಪೈಸೆ ಬರುವ ಮೊದಲೋ, ಆಮೇಲೋ?’ ಎಂದು ಕೇಳಿದರೆ ಸಾಕು. ಎಣ್ಮಕಜೆ ಕಡೆಯ ಹಿರಿಯರಿಗೆ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ ವರ್ಷಗಳಿವೆ. ಸುಪ್ರೀಂ ಕೋರ್ಟು ಆ ವಿಷವನ್ನು ತಡೆದದ್ದು 2011ರಲ್ಲಿ. ಯಾವ ತಿಂಗಳಲ್ಲಿ ಸಿಂಪಡಿಸಿದರು, ಆಗ ಮನೆಯ ಬಾವಿ, ದನ, ಮಕ್ಕಳು ಹೇಗಿದ್ದರು ಎಂಬುದನ್ನು ಬರೆದಿಡಲು ಆ ಮನೆಯವರಿಂದ ಮಾತ್ರ ಸಾಧ್ಯ.

ಗಡಿನಾಡಿನ ಮನೆಗಳ ಕಥೆಯಲ್ಲಿ ಅತಿ ದೊಡ್ಡ ತಿರುವು ಭೂಮಿಯದ್ದು. 1963ರ ಕೇರಳ ಭೂಸುಧಾರಣಾ ಕಾಯಿದೆಗೆ ಆದ ತಿದ್ದುಪಡಿ 1970ರ ಜನವರಿ 1ರಿಂದ ಜಾರಿಗೆ ಬಂತು, ಗೇಣಿ ಪದ್ಧತಿ ಕೊನೆಯಾಯಿತು. ವರ್ಷಕ್ಕಿಷ್ಟು ಮುಡಿ ಅಕ್ಕಿ ಅಳೆಯುತ್ತಿದ್ದ ಚಾಲಗೇಣಿ ಒಕ್ಕಲು ಲ್ಯಾಂಡ್ ಟ್ರಿಬ್ಯುನಲ್ಲಿನಲ್ಲಿ ಅರ್ಜಿ ಕೊಟ್ಟು ತಾನೇ ಭೂಮಿಯ ಒಡೆಯನಾದ. ಅದೇ ದಿನವನ್ನು ಧನಿಗಳ ಮನೆಯವರು ‘ಭೂಮಿ ಹೋದದ್ದು’ ಎನ್ನುತ್ತಾರೆ, ಒಕ್ಕಲಿನ ಮನೆಯವರು ‘ಭೂಮಿ ಬಂದದ್ದು’ ಎನ್ನುತ್ತಾರೆ. ಎರಡೂ ಮನೆಯವರು ಬರೆಯಬೇಕು. ಅಷ್ಟೇ ಅಲ್ಲ, ಅಂಗಳದಲ್ಲಿ ಎಲ್ಲಿ ನಿಲ್ಲಬೇಕಿತ್ತು, ನೀರನ್ನು ಹೇಗೆ ಕೊಡುತ್ತಿದ್ದರು ಎಂಬುದನ್ನೂ ಬರೆಯಬೇಕು. ಅದನ್ನು ಬಿಟ್ಟು ಬರೀ ಭೂತಕೋಲದ ವೈಭವ, ತಂಬಿಲದ ಊಟ ಬರೆದರೆ ಅದು ಸ್ಮರಣ ಸಂಚಿಕೆಯ ಲೇಖನವಾಗುತ್ತದೆ. 1976ರ ಡಿಸೆಂಬರ್ 1ರಿಂದ ಕೇರಳದಲ್ಲಿ ಹಿಂದೂ ಅವಿಭಕ್ತ ಕುಟುಂಬ ಪದ್ಧತಿಯೇ ಕಾನೂನಿನಂತೆ ರದ್ದಾಯಿತು. ಪಾಲಾಗುವಾಗ ಆದ ಜಗಳಗಳೂ ಹಲವು ಮನೆಗಳಲ್ಲಿ ಇನ್ನೂ ಹಸಿಯಾಗಿಯೇ ಇವೆ. ನೋವನ್ನು ಮುಚ್ಚಿಡಬೇಕಿಲ್ಲ. ಆದರೆ ಬದುಕಿರುವವರ ಗುಟ್ಟನ್ನು ಅವರನ್ನು ಕೇಳದೆ ಬರೆಯುವುದು ತರವಲ್ಲ.

ಬರೆದದ್ದು ಕಾನೂನಿಗೆ ಆಗುತ್ತದೆಯೇ ಎಂದು ಕೆಲವರು ಕೇಳುವುದುಂಟು. ‘ಆ ತೋಟ ನಮ್ಮದು’ ಎಂದು ಜೀವನಕಥೆಯಲ್ಲಿ ಬರೆದ ಮಾತ್ರಕ್ಕೆ ತೋಟ ನಮ್ಮದಾಗುವುದಿಲ್ಲ, ಅದಕ್ಕೆ ಆಧಾರಪತ್ರವೇ ಬೇಕು. ಸಂಬಂಧದ ವಿಷಯ ಬೇರೆ. ರಕ್ತಸಂಬಂಧ, ಮದುವೆ, ದತ್ತು ಬಗ್ಗೆ ಸರಿಯಾಗಿ ಬಲ್ಲ ಮನೆಯ ಹಿರಿಯರು ಬರೆದಿಟ್ಟದ್ದನ್ನು ಅವರು ತೀರಿಹೋದ ಮೇಲೂ ನ್ಯಾಯಾಲಯ ಪರಿಗಣಿಸಬಹುದು, ತಕರಾರು ಹುಟ್ಟುವ ಮೊದಲೇ ಬರೆದಿರಬೇಕು ಅಷ್ಟೆ. 1872ರ ಸಾಕ್ಷ್ಯ ಕಾಯಿದೆಯಲ್ಲಿದ್ದ ಈ ನಿಯಮ, 2024ರ ಜುಲೈ 1ರಂದು ಅದರ ಜಾಗಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಇದೆ. ಆದ್ದರಿಂದ ಬರೆದ ತಾರೀಕು, ಸಹಿ ಹಾಕುವ ಅಭ್ಯಾಸ ಒಳ್ಳೆಯದು.

ಇನ್ನು ಭಾಷೆ. ಸಪ್ತಭಾಷಾ ಸಂಗಮ ಭೂಮಿಯಲ್ಲಿ ಅಜ್ಜಿ ತುಳುವಿನಲ್ಲಿ ಬೈದದ್ದನ್ನು ಗ್ರಂಥಸ್ಥ ಕನ್ನಡಕ್ಕೆ ತಂದರೆ ಬೈಗುಳ ಸಪ್ಪೆಯಾಗುತ್ತದೆ. ಕನ್ನಡ ಲಿಪಿಯಲ್ಲಿಯೇ ತುಳುವನ್ನು ಬರೆಯಬಹುದು. ವಿಲೇಜ್ ಆಫೀಸಿನಲ್ಲಿ ಕೇಳಿದ ಮಲಯಾಳ ಮಾತನ್ನೂ ಹಾಗೆಯೇ ಇಡಬಹುದು. ಮನೆಯವರು ಕರೆಯುವ ಜಾಗದ ಹೆಸರನ್ನೇ ಬರೆದು, ಪಕ್ಕದಲ್ಲಿ ಈಗಿನ ದಾಖಲೆಯ ಹೆಸರನ್ನು ಹಾಕಿದರೆ ಮುಂದಿನವರಿಗೆ ಹುಡುಕಲು ಅನುಕೂಲ. ಮುಡಿ, ಕುಮ್ಕಿ, ಚಾಲಗೇಣಿ, ಸುರಂಗ ಇಂತಹ ಮಾತುಗಳಿಗೆ ಅರ್ಥವನ್ನೂ ಬರೆಯಬೇಕು. ಕನ್ನಡ ಓದಲು ಬಾರದ ಪುಳ್ಳಿಯನ್ನು ಹತ್ತಿರ ಕೂರಿಸಿ, ಅಜ್ಜ ಓದಿ ಹೇಳಿದ್ದನ್ನು ಅವನ ಕೈಯಲ್ಲೇ ಮಲಯಾಳದಲ್ಲಿ ಬರೆಸಿದರೆ ಎರಡು ಪ್ರತಿಯಾಯಿತು. ನಾಲ್ಕಕ್ಷರ ಕನ್ನಡ ಕಲಿಯುವ ಆಸೆಯೂ ಅವನಿಗೆ ಹುಟ್ಟೀತು.

ಹಳೆಯ ಕಾಗದಗಳಿಗೆ ಲ್ಯಾಮಿನೇಶನ್ ಮಾಡಿಸಬಾರದು, ಬಿಸಿಗೆ ಹಾಳಾಗುತ್ತವೆ, ಮತ್ತೆ ಬಿಡಿಸಲಾಗದು. ಮೊಬೈಲಿನಲ್ಲಿ ಫೋಟೋ ತೆಗೆದು, ಮೂಲವನ್ನು ಮಳೆಗಾಲದ ತೇವ ತಾಗದ ಕಡೆ ಇಟ್ಟರಾಯಿತು. ಹಳೆಯ ಫೋಟೋಗಳ ಹಿಂದೆ ಮೆತ್ತಗಿನ ಪೆನ್ಸಿಲಿನಲ್ಲಿ ಹೆಸರು ಬರೆಯಬಹುದು, ಬಾಲ್ ಪೆನ್ನು ಬೇಡ. ಮತ್ತೆ, ನೋಟ್ ಪುಸ್ತಕದ ಕೊನೆಯಲ್ಲಿ ಐದಾರು ಹಾಳೆ ಖಾಲಿ ಬಿಡುವುದು ಒಳ್ಳೆಯದು. ತಂಗಿಯೋ ತಮ್ಮನೋ ಓದಿ ‘ಅದು ಹಾಗಲ್ಲ, ನಡೆದದ್ದು ಹೀಗೆ’ ಎಂದು ಬರೆಯಲು ಜಾಗ ಬೇಕಲ್ಲ.